ಶ್ರೀನಿವಾಸಪುರದ ಆಟದಲ್ಲಿ ಸುಗುಣತ್ತೆ ಇರಲಿಲ್ಲ

ಮೊನ್ನೆ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ವೇದಿಕೆಯ ಹಿಂದೆ, ನೀರಿನ ಡ್ರಮ್ಮು, ಮುರಿದ ಬೆಂಚುಗಳ ನಡುವೆ, ಮೇಷ್ಟರೊಬ್ಬರು ಒಬ್ಬ ಹುಡುಗನ ಗಲ್ಲ ಹಿಡಿದುಕೊಂಡು ಮೀಸೆ ಅಂಟಿಸುತ್ತಿದ್ದರು. ಪುಟ್ಟ ಸೀಸೆಯ ಮುಚ್ಚಳ ತೆಗೆದದ್ದೇ ತಡ, ಆ ಗೋಂದಿನ ವಾಸನೆ ಬಂತು ನೋಡಿ, ರಾಳವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ, ಮೂಗಿನ ಒಳಗೆ ಚುರ್ರೆನ್ನುವ, ಸ್ವಲ್ಪ ಸಿಹಿಯಾದ, ಸ್ವಲ್ಪ ಆಸ್ಪತ್ರೆಯಂಥ ವಾಸನೆ. ಎಷ್ಟೋ ವರ್ಷಗಳಿಂದ ಅದು ನನ್ನ ಮೂಗಿಗೆ ಬಿದ್ದಿರಲಿಲ್ಲ. ನಾನು ನಿಂತಲ್ಲೇ ನಿಂತುಬಿಟ್ಟೆ. ಮಗಳು ಕೈ ಜಗ್ಗಿ, "ಯಾಕಮ್ಮ ಅಳ್ತಿದ್ದೀಯಾ?" ಅಂದಳು. "ಅಳ್ತಿಲ್ಲ ಕಣೇ, ಸಿಟ್ಟು ಬಂದಿದೆ," ಅಂದೆ. ಯಾರ ಮೇಲೆ ಅಂತ ಅವಳು ಕೇಳಿದಳು. ಹೇಳೋದಕ್ಕೆ ಅಲ್ಲಿ ಸಮಯವಿರಲಿಲ್ಲ. ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬಹುದು, ನಿಮಗೂ ಅವಳ ನೆನಪು ಹೀಗೇ ಹೊತ್ತುಗೊತ್ತಿಲ್ಲದೆ ಬರುತ್ತಿರಬಹುದು.

ನಮ್ಮ ಮನೆ ಶ್ರೀನಿವಾಸಪುರದಲ್ಲಿತ್ತು. ಮುಂದೆ ಜಗಲಿ, ಅದನ್ನು ದಾಟಿದರೆ ಉದ್ದದ ನಡುಮನೆ, ನಡುಮನೆಯ ಪಕ್ಕದ ಕೋಣೆಯಲ್ಲಿ ಹುಲ್ಲು ಹಾಸಿ ಹಣ್ಣಿಗಿಟ್ಟ ಮಾವಿನಕಾಯಿ. ಬೇಸಿಗೆಯಲ್ಲಿ ಆ ಕೋಣೆಯ ಬಾಗಿಲು ತೆರೆದರೆ ಬಿಸಿಯಾದ, ಅಮಲೇರಿಸುವ ಒಂದು ಉಸಿರು ಮುಖಕ್ಕೆ ಬಡಿಯುತ್ತಿತ್ತು. ನಮ್ಮ ಬಟ್ಟೆ, ಪುಸ್ತಕ, ತಲೆದಿಂಬು ಎಲ್ಲಕ್ಕೂ ಅದೇ ವಾಸನೆ. ಮಾವು ಮುಗಿದ ಮೇಲೆ ಆ ಕೋಣೆ ಖಾಲಿಯಾಗುತ್ತಿತ್ತು, ಆಮೇಲೆ ಅದು ನಾಟಕದವರದು. ಪರದೆ, ಮರದ ಕತ್ತಿ, ಉಣ್ಣೆಯ ಗಡ್ಡ, ಮುಖಕ್ಕೆ ಬಳಿಯುವ ಬಿಳಿ ಸಫೇದದ ಡಬ್ಬಿ, ಗೋಂದಿನ ಸೀಸೆ. ಅಪ್ಪ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು. ತನ್ನ ಗೆಳೆಯರನ್ನು ಕಟ್ಟಿಕೊಂಡು ಒಂದು ನಾಟಕ ತಂಡ ಮಾಡಿದ್ದ, ತಾನೇ ಅಧ್ಯಕ್ಷ, ತಾನೇ ನಿರ್ದೇಶಕ. ಅಂಚೆ ಕಚೇರಿಯ ಚಂದ್ರಪ್ಪ, ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಬಾಷಾ ಮಾಮ, ರೇಷ್ಮೆ ಇಲಾಖೆಯ ಒಂದಿಬ್ಬರು, ಇಬ್ಬರು ಅಂಗಡಿಯವರು, ಹೀಗೆ. ಭಾನುವಾರ ಮಧ್ಯಾಹ್ನ ಎಲ್ಲರೂ ನಡುಮನೆಯಲ್ಲಿ ಸೇರಿದರೆ ಅಮ್ಮ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ನನಗೆ ಆ ಗದ್ದಲ ಪ್ರಾಣ. ಮನೆ ಅಂದರೆ ಹೀಗೇ ಇರುತ್ತದೆ, ಎಲ್ಲರ ಮನೆಯಲ್ಲೂ ಯಾರೋ ಒಬ್ಬರು ರಾಜನ ಹಾಗೆ ಕೂಗುತ್ತಿರುತ್ತಾರೆ ಅಂತಲೇ ನಾನು ತಿಳಿದಿದ್ದೆ.

ಸುಗುಣತ್ತೆ ಅಪ್ಪನ ತಂಗಿ. ಗೌನಿಪಲ್ಲಿಗೆ ಕೊಟ್ಟಿದ್ದರು, ಮಾವಿನ ತೋಟದವರ ಮನೆ. ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದು, "ಇಬ್ಬರೂ ಇರಿ" ಅಂದನಂತೆ. ಅತ್ತೆ ತನ್ನ ಟ್ರಂಕು ತೆಗೆದುಕೊಂಡು ಬೆಳಗಿನ ಬಸ್ಸಿಗೆ ಬಂದುಬಿಟ್ಟಳು. ನನಗಾಗ ಮೂರೋ ನಾಲ್ಕೋ ವರ್ಷ. ಬಂದವಳು ಅಳಲಿಲ್ಲ, ಕೂತು ಯಾರನ್ನೂ ಬಯ್ಯಲಿಲ್ಲ. ಅಮ್ಮನ ಜೊತೆ ಅಡಿಗೆಮನೆಗೆ ಸೇರಿಕೊಂಡಳು. ಕೆಲಸ ಮುಗಿದರೆ ಜಗಲಿಯ ಕಂಬಕ್ಕೆ ಒರಗಿ ಓದುತ್ತಿದ್ದಳು. ಓದುವಾಗ ತುಟಿ ಆಡುತ್ತಿತ್ತು. ಪುಸ್ತಕದಲ್ಲಿ ಮಾತು ಬಂದರೆ ಆಯಾ ಜನರ ಹಾಗೆ ಅವಳ ಮುಖವೂ ಬದಲಾಗುತ್ತಿತ್ತು. ನಾನು ಎದುರಿಗೆ ಕೂತು ಪುಸ್ತಕ ನೋಡದೆ ಅವಳ ಮುಖ ನೋಡಿಯೇ ಕತೆ ತಿಳಿದುಕೊಳ್ಳುತ್ತಿದ್ದೆ. "ಇವಾಗ ಯಾರೋ ಸತ್ತೋದ್ರಾ ಅತ್ತೆ?" ಅಂದರೆ, "ಇಲ್ವೇ, ಬದುಕಿಬಿಟ್ಟ, ಅದೇ ಬೇಜಾರು," ಅನ್ನುತ್ತಿದ್ದಳು.

ಅವಳು ಮತ್ತೆ ಮತ್ತೆ ಓದುತ್ತಿದ್ದದ್ದು ಒಂದೇ ಕಾದಂಬರಿ. ನಮ್ಮ ಅಜ್ಜನ ಕಾಲದ್ದು, ಕಾಲೇಜಿಗೆ ಪಾಠವಾಗಿತ್ತು, ರಟ್ಟು ಕಿತ್ತುಹೋಗಿತ್ತು. ಮನೆಯಲ್ಲಿ ಅದಕ್ಕೆ 'ದೊಡ್ಡ ಪುಸ್ತಕ' ಅಂತಲೇ ಹೆಸರು. ಪ್ಲೇಗಿನ ಕಾಲದ ಕತೆ. ಗಂಗಕ್ಕ ಅನ್ನುವ ಸೂಲಗಿತ್ತಿ, ಊರಿನ ಮಕ್ಕಳನ್ನೆಲ್ಲ ಕೈಯಲ್ಲಿ ಎತ್ತಿ ಹಿಡಿದವಳು. ಊರವರು ಹೊಲಕ್ಕೆ ಗುಡಿಸಲು ಹಾಕಿಕೊಂಡು ಓಡಿದಾಗ ಇವಳೊಬ್ಬಳೇ ರೋಗಿಗಳ ಹತ್ತಿರ ಉಳಿಯುತ್ತಾಳೆ, ಹೆಣಗಳನ್ನು ಮಣ್ಣು ಮಾಡುತ್ತಾಳೆ. ರೋಗ ಹೋದ ಮೇಲೆ ಎಲ್ಲರೂ ಊರಿಗೆ ಬರುತ್ತಾರೆ. ಆದರೆ ಕಂಡಕಂಡ ಹೆಣ ಮುಟ್ಟಿದವಳು ಅಂತ ಅವಳನ್ನು ಮಾತ್ರ ಒಳಗೆ ಬಿಡುವುದಿಲ್ಲ. ಅವಳು ಒಂದು ಮಾತೂ ಆಡದೆ, ತಾನು ಸಾಕಿದ ಅನಾಥ ಹುಡುಗಿಯ ಕೈ ಹಿಡಿದುಕೊಂಡು ಹೊರಟುಹೋಗುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಅದನ್ನು ನಾಟಕ ಮಾಡೋಣ ಅಂದವಳು ಸುಗುಣತ್ತೆ. ಬರೆದವಳೂ ಅವಳೇ. ಒಲೆಯ ಪಕ್ಕದ ಕಟ್ಟೆ ಮೇಲೆ ಕೂತು, ಸಾರು ಕುದಿಯುವ ಹೊತ್ತಿಗೆ ಒಂದು ದೃಶ್ಯ. ಬರೆದದ್ದನ್ನು ಮೊದಲು ಅಮ್ಮನಿಗೆ ಓದಿ ಹೇಳುತ್ತಿದ್ದಳು. ಅಮ್ಮ ಸೌಟು ಹಿಡಿದೇ ಅತ್ತಳು ಅಂದರೆ ದೃಶ್ಯ ಪಾಸು.

ಅಪ್ಪ ಮೊದಲು ನಕ್ಕ. ಆಮೇಲೆ ಓದಿದ. ಓದಿ, ಕನ್ನಡಕ ತೆಗೆದು, "ಪರವಾಗಿಲ್ಲ ಕಣೇ," ಅಂದ. ತಂಡದವರಿಗೆ ಓದಿ ಹೇಳಿದಾಗ ಬಾಷಾ ಮಾಮ ಎದ್ದು ಹೊರಗೆ ಹೋಗಿ ಮುಖ ತೊಳೆದು ಬಂದ. ಗಂಗಕ್ಕನ ಪಾತ್ರ ಯಾರದು ಅನ್ನೋ ಪ್ರಶ್ನೆಯೇ ಏಳಲಿಲ್ಲ. ಅಲ್ಲಿವರೆಗೆ ಹೆಣ್ಣು ಪಾತ್ರ ಮಾಡುತ್ತಿದ್ದ ಚಂದ್ರಪ್ಪನೇ, "ಅಕ್ಕ ಓದ್ತಿದ್ರೆ ಮೈ ಜುಮ್ಮಂತದೆ, ಅವರೇ ಮಾಡ್ಲಿ," ಅಂದ. ಅನಾಥ ಹುಡುಗಿಯ ಪಾತ್ರ ನನ್ನದು. ಕೈಯಲ್ಲೊಂದು ಲಾಟೀನು, ಒಟ್ಟು ಆರೇಳು ಮಾತು. ಜಗಳ ಆದದ್ದು ಒಂದೇ ವಿಷಯಕ್ಕೆ. ಅತ್ತೆ ಬರೆದ ಜನ ನಮ್ಮ ಜನರ ಹಾಗೇ ಮಾತಾಡುತ್ತಿದ್ದರು. ಕನ್ನಡದಲ್ಲಿ ಶುರು ಮಾಡಿ, ಸಿಟ್ಟು ಬಂದರೆ ತೆಲುಗು, ದುಃಖ ಬಂದರೆ ತೆಲುಗು. ಅಪ್ಪ, "ಇದು ಸಾಹಿತ್ಯ ಕಣೇ, ಸಂತೆ ಅಲ್ಲ," ಅಂದ. ಅತ್ತೆ, "ಅಣ್ಣಾ, ನಮ್ಮಮ್ಮ ಸಾಯೋವಾಗ ಯಾವ ಭಾಷೇಲಿ ನೀರು ಕೇಳಿದ್ಲು?" ಅಂತ ಕೇಳಿದಳು. ತೆಲುಗು ಉಳಿಯಿತು.

ಕೊನೆಯ ದೃಶ್ಯವನ್ನು ಮಾತ್ರ ಅವಳು ಪುಸ್ತಕದಂತೆ ಬರೆದಿರಲಿಲ್ಲ. ಅವಳ ಗಂಗಕ್ಕ ಸುಮ್ಮನೆ ಹೋಗುವುದಿಲ್ಲ. ಊರಿನ ಗಡಿಯಲ್ಲಿ, ಅಂದರೆ ವೇದಿಕೆಯ ತುದಿಯಲ್ಲಿ ನಿಂತು, ತಾನು ಹೆರಿಗೆ ಮಾಡಿಸಿದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾಳೆ. ಆ ಹೆಸರುಗಳು ಪ್ರತಿ ಊರಿಗೂ ಬೇರೆ. ಆಟದ ದಿನ ಬೆಳಿಗ್ಗೆಯೇ ಅತ್ತೆ ನನ್ನನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದಳು. ಆ ಊರಿನ ತರಕಾರಿಯವರ ಹತ್ತಿರ, ಹೂವಿನವರ ಹತ್ತಿರ, ನಲ್ಲಿ ಹತ್ತಿರ ಬಿಂದಿಗೆ ಹಿಡಿದು ನಿಂತವರ ಹತ್ತಿರ ಮಾತಿಗೆ ನಿಲ್ಲುತ್ತಿದ್ದಳು. ಸಂಜೆ ಆ ಹೆಸರುಗಳು ವೇದಿಕೆಯ ಮೇಲಿಂದ ಬರುತ್ತಿದ್ದವು. "ವೆಂಕಟಲಕ್ಷ್ಮೀ, ನಿಮ್ಮಮ್ಮನ ಹೊಟ್ಟೇಲಿ ಅಡ್ಡ ತಿರುಗಿದ್ದೆ ಕಣೇ, ನಾನೇ ಸರಿ ಮಾಡಿದ್ದು. ಮುನಿರಾಜಾ, ನಿನ್ನ ಉಸಿರು ನಿಂತಿತ್ತು ಕಣೋ, ಬಾಯಿಗೆ ಬಾಯಿಟ್ಟು ಊದಿದವಳು ನಾನು. ಬಾಗಿಲು ತೆಗೀರೋ." ತಮ್ಮ ಊರಿನ, ತಮ್ಮದೇ ಬೀದಿಯ ಹೆಸರು ಕೇಳಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಯಾರೂ ಓಗೊಡುತ್ತಿರಲಿಲ್ಲ. ಓಗೊಡದೆ ಇದ್ದದ್ದಕ್ಕೆ ಅವರಿಗೇ ನಾಚಿಕೆಯಾಗುವಷ್ಟು ಹೊತ್ತು ಅವಳು ಕಾಯುತ್ತಿದ್ದಳು. ಆಮೇಲೆ ನನ್ನ ಕೈ ಹಿಡಿದು ವೇದಿಕೆ ಇಳಿದು, ಜನರ ನಡುವೆಯೇ ನಡೆದು ಹೊರಗೆ ಹೋಗುತ್ತಿದ್ದಳು.

ಮೊದಲ ಆಟ ಕೋಲಾರದಲ್ಲಿ, ಒಂದು ಸಭಾಂಗಣದಲ್ಲಿ. ಫ್ಯಾನು, ಕುರ್ಚಿ, ಓದಿದ ಜನ. ತೆಲುಗು ಬಂದಾಗ ಮುಂದಿನ ಸಾಲಿನಲ್ಲಿ ಒಂದಷ್ಟು ಜನ ನಕ್ಕರು. ಕೊನೆಯ ಹೊತ್ತಿಗೆ ನಗುವವರು ಯಾರೂ ಇರಲಿಲ್ಲ. ಎರಡನೆಯದು ಮಾಲೂರಿನಲ್ಲಿ, ಬಯಲಿನಲ್ಲಿ. ಹೆಂಚಿನ ಕಾರ್ಖಾನೆಗಳಲ್ಲಿ ದುಡಿಯುವವರು ಮೈಮೇಲಿನ ಕೆಂಪು ಧೂಳಿನ ಸಮೇತ ಬಂದು ನೆಲದ ಮೇಲೆ ಕೂತಿದ್ದರು. ನಡುವೆ ಕರೆಂಟು ಹೋಯಿತು. ಬಾಷಾ ಮಾಮ ಸತ್ತ ಮೈಕು ಹಿಡಿದುಕೊಂಡು ವೇದಿಕೆಯ ಪಕ್ಕದಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದ. ಯಾರೋ ಸ್ಕೂಟರು ತಿರುಗಿಸಿ ಬೆಳಕು ಬಿಟ್ಟರು. ಅತ್ತೆ ನಿಲ್ಲಿಸಲೇ ಇಲ್ಲ. ದನಿ ಎತ್ತರಿಸಲೂ ಇಲ್ಲ, ಸ್ವಲ್ಪ ಅಗಲ ಮಾಡಿದಳು, ಅಷ್ಟೆ. ಬಯಲಿನ ಕೊನೆಯಲ್ಲಿ ಸೈಕಲ್ ಮೇಲೆ ಒಂದು ಕಾಲೂರಿ ನಿಂತವನಿಗೂ ಅದು ಕೇಳಿಸಿತು. ಅವನು ಸೈಕಲ್ ಸ್ಟ್ಯಾಂಡು ಹಾಕಿ ಕೂತದ್ದನ್ನು ನಾನು ಲಾಟೀನು ಹಿಡಿದು ನಿಂತಲ್ಲಿಂದ ನೋಡಿದೆ.

ಮುಳಬಾಗಿಲಿನ ಆಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕೊನೆಯ ದೃಶ್ಯ. ಅತ್ತೆ ತುದಿಯಲ್ಲಿ ನಿಂತು ಹೆಸರು ಕರೆಯುತ್ತಿದ್ದಾಳೆ. ಜನ ಎಂದಿನಂತೆ ಕಲ್ಲು. ಆಗ ಹೆಂಗಸರ ಕಡೆಯಿಂದ ಒಬ್ಬಳು ಮುದುಕಿ ಎದ್ದಳು. ಹಸಿರು ಸೀರೆ, ಕಿವಿಯ ತೂತು ಜೋತುಬಿದ್ದಿತ್ತು, ಕೈಯಲ್ಲಿ ಎಲೆಯಡಿಕೆ ಚೀಲ. "ಎವರೂ ಪಲಕಕಪೋತೇ ನೇನು ಪಲುಕುತಾನು. ರಾ ತಲ್ಲೀ, ಮಾ ಇಂಟಿಕಿ ರಾ," ಅಂದಳು. ಯಾರೂ ಓಗೊಡದಿದ್ದರೆ ನಾನು ಓಗೊಡುತ್ತೇನೆ, ಬಾ ತಾಯೀ, ನಮ್ಮ ಮನೆಗೆ ಬಾ. ಅವಳಿಗೆ ಅದು ನಾಟಕವಾಗಿ ಉಳಿದಿರಲಿಲ್ಲ. ಜನರನ್ನು ತಳ್ಳಿಕೊಂಡು ಮುಂದೆ ಬಂದು, ವೇದಿಕೆಯ ಮೇಲಿದ್ದ ಅತ್ತೆಯ ಕಡೆ ಕೈ ಚಾಚಿದಳು. ನಾಟಕದಲ್ಲಿ ಇಲ್ಲದ್ದು ನಡೆದುಬಿಟ್ಟಿತ್ತು. ಅತ್ತೆ ಬಗ್ಗಿ ಆ ಕೈ ಹಿಡಿದು, ಅದರ ಮೇಲೆ ಹಣೆಯಿಟ್ಟಳು. ಅಷ್ಟೇ. ಆಮೇಲೆ ಹೆಂಗಸರೆಲ್ಲ ಎದ್ದು ಬಂದರು. ಸುತ್ತ ನಿಂತು ಅವಳ ಕೆನ್ನೆ ಮುಟ್ಟುವವರು, ಕೈ ಹಿಡಿಯುವವರು, "ಯಾವೂರಮ್ಮ, ಯಾರ ಮಗಳಮ್ಮ," ಅಂತ ಕೇಳುವವರು. ಮುದುಕಿ ಅವಳನ್ನು ಬಿಡಲೇ ಒಲ್ಲಳು. ನಿರ್ದೇಶಕರನ್ನು ಯಾರೂ ಹುಡುಕಲಿಲ್ಲ. ಅಪ್ಪ ಹಾರ ಹಾಕಿಸಿಕೊಳ್ಳಲು ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು ಬಂದಿದ್ದ. ಅವನು ಒಬ್ಬನೇ ಪರದೆ ಸುತ್ತಿ ಟೆಂಪೋಗೆ ಹಾಕುತ್ತಿದ್ದ. ವಾಪಸು ಬರುವಾಗ ಎಲ್ಲರೂ ಕೂಗಾಡಿಕೊಂಡು ಬಂದರು, ಅಪ್ಪ ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿದ್ದ.

ಕೊನೆಯ ಆಟ ನಮ್ಮ ಊರಿನಲ್ಲೇ. ಅತ್ತೆಯ ಗಂಡನ ಕಡೆಯವರ ಮಾವಿನ ಮಂಡಿ ಶ್ರೀನಿವಾಸಪುರದಲ್ಲಿತ್ತು. ಆಟಕ್ಕೆ ಎರಡು ದಿನವಿದ್ದಾಗ ಅಪ್ಪ ತಂಡದವರನ್ನು ಕರೆಸಿದ. ನಡುಮನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತಿದ್ದರು, ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ನಾನು ಅವಳ ಸೆರಗಿಗೆ ಅಂಟಿಕೊಂಡಿದ್ದೆ. ಅಪ್ಪ ಗಂಟಲು ಸರಿಮಾಡಿಕೊಂಡು, "ಊರಲ್ಲಿ ಮಾತು ಬಂದಿದೆ," ಅಂದ. "ಕೊನೇ ಸೀನಲ್ಲಿ ಗಂಡನ ಹೆಸರು ಹಿಡಿದು ಕೂಗ್ತಾಳಂತೆ, ಮಂಡಿಯವರ ಮರ್ಯಾದೆ ತೆಗೀತಾಳಂತೆ ಅಂತ. ನಾಳೆ ನಾವು ಇದೇ ಊರಲ್ಲಿ ಬಾಳಬೇಕು."

"ಆ ಹೆಸರು ನನ್ನ ಬಾಯಲ್ಲಿ ಬರಲ್ಲ ಅಣ್ಣಾ," ಅಂದಳು ಅತ್ತೆ. "ಬೇಕಾದ್ರೆ ಯಾವ್ಯಾವ ಹೆಸರು ಕರೀತೀನಿ ಇವಾಗ್ಲೇ ಹೇಳ್ತೀನಿ. ಬರ್ಕೊಳ್ಳಿ."

"ನಂಗೆ ನಂಬಿಕೆ ಇದೆ ಕಣೇ. ಜನಕ್ಕೆ ಇರಬೇಕಲ್ಲ."

"ಯಾವ ಜನ? ಯಾರು ಬಂದು ಹೇಳಿದ್ರು?"

ಅಪ್ಪ ತಂಡದವರ ಕಡೆ ತಿರುಗಿದ. ಗಂಗಕ್ಕನ ಪಾತ್ರ ಚಂದ್ರಪ್ಪ ಮಾಡಲಿ, ಕೊನೆಯ ದೃಶ್ಯ ಬದಲಾಯಿಸೋಣ, ಊರಿನವರು ತಪ್ಪೊಪ್ಪಿಕೊಂಡು ಗಂಗಕ್ಕನಿಗೆ ಹಾರ ಹಾಕಿ ಒಳಗೆ ಕರೆದುಕೊಂಡು ಹೋಗಲಿ, ಜನಕ್ಕೂ ಸಂತೋಷ, ಅಂದ. ಬಾಷಾ ಮಾಮ ಒಬ್ಬನೇ, "ತಪ್ಪು ಸಾರ್ ಇದು. ಅಕ್ಕ ಇಲ್ದೆ ನಾಟಕ ಎಲ್ಲೈತೆ?" ಅಂದ. ಮಿಕ್ಕವರು ಚಾಪೆಯ ಹೆಣಿಗೆ ನೋಡುತ್ತಿದ್ದರು. ಇವರೇ ನಾಲ್ಕು ದಿನದ ಹಿಂದೆ ಟೆಂಪೋದಲ್ಲಿ ಕುಣಿದವರು. ಅತ್ತೆಯ ಕೈಯ ಕಾಫಿ ಕುಡಿದವರು, ಅವಳು ಬರೆದ ಮಾತಿನಿಂದ ಚಪ್ಪಾಳೆ ತೆಗೆದುಕೊಂಡವರು. ಒಬ್ಬನಾದರೂ ತಲೆ ಎತ್ತಲಿಲ್ಲ. ಚಂದ್ರಪ್ಪ ಮಾತ್ರ, "ನಂಗೇನೂ ಆಸೆ ಇಲ್ಲಕ್ಕ, ಸಾರ್ ಹೇಳ್ತಾರೆ ಅಂತ…" ಅಂದು ನುಂಗಿಕೊಂಡ. ಅತ್ತೆ ಒಳಗೆ ಹೋದಳು. ಅಪ್ಪ ಅವಳ ಬೆನ್ನಿಗೆ, "ಆಟ ಆದ್ಮೇಲೆ ಎಲ್ರಿಗೂ ಇಲ್ಲೇ ಊಟ. ಹೆಂಗೂ ಮನೇಲೇ ಇರ್ತೀಯಲ್ಲ, ಸ್ವಲ್ಪ ನೋಡ್ಕೊ," ಅಂದ.

ಈ ಒಂದು ಮಾತನ್ನು ನಾನು ಎಷ್ಟು ವರ್ಷ ಹೊತ್ತು ತಿರುಗಿದ್ದೇನೆ ಅಂದರೆ, ಅದು ನೆನಪಾದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ. ಹೆಂಗೂ ಮನೇಲೇ ಇರ್ತೀಯಲ್ಲ!

ಆಟದ ದಿನ ಮಧ್ಯಾಹ್ನ ನಾನು ಅಪ್ಪನಿಗೆ, "ಅತ್ತೆ ಇಲ್ದೆ ನಾನೂ ಬರಲ್ಲ," ಅಂದೆ. ಅಪ್ಪ ನನ್ನನ್ನು ಅದುವರೆಗೆ ಹೊಡೆದವನಲ್ಲ, ಅವತ್ತು ಹೊಡೆದ. ಆದರೂ ನಾನು ಹೋಗಲಿಲ್ಲ. ಪಕ್ಕದ ಮನೆಯ ಹುಡುಗಿಗೆ ಲಾಟೀನು ಕೊಟ್ಟು ಕರೆದುಕೊಂಡು ಹೋದರು. ಅವರೆಕಾಯಿಯ ಕಾಲ. ಹಿಂದಿನ ದಿನವೇ ನೆನೆಹಾಕಿದ್ದ ಅವರೆಕಾಳಿನ ದೊಡ್ಡ ಪಾತ್ರೆ ಮುಂದಿಟ್ಟುಕೊಂಡು ಅತ್ತೆ, ಅಮ್ಮ, ನಾನು ಕಾಳು ಹಿಸುಕುತ್ತ ಕೂತೆವು. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು. ಹೊತ್ತು ಮುಳುಗುವಾಗ ಬೀದಿಯ ತುದಿಯ ಕಂಬದಿಂದ ಮೈಕು ಗೊರಗೊರ ಅಂದಿತು. ಆಟ ಮೈದಾನದಲ್ಲಿ, ಆದರೆ ಸ್ಪೀಕರಿನ ಒಂದು ಬಾಯಿ ನಮ್ಮ ಮನೆಯ ಕಡೆಗೇ ತಿರುಗಿತ್ತು. ಅದನ್ನು ಹಾಗೆ ತಿರುಗಿಸಿದವನು ಬಾಷಾ ಮಾಮ. ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ: "ಅಕ್ಕಂಗೆ ಕೇಳಿಸ್ಲಿ ಅಂತ ತಿರುಗಿಸ್ದೆ ಕಣಮ್ಮ. ಒಳ್ಳೇದು ಮಾಡಿದ್ನೋ ಕೆಟ್ಟದ್ದು ಮಾಡಿದ್ನೋ, ಇವತ್ತಿಗೂ ಗೊತ್ತಾಗಿಲ್ಲ."

ಕೇಳಿಸಿತು. ಪ್ರತಿಯೊಂದು ಮಾತೂ ಕೇಳಿಸಿತು. ಅತ್ತೆ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಹೊರಗಿನಿಂದ ಅವಳದೇ ಮಾತು ಚಂದ್ರಪ್ಪನ ಗಂಟಲಲ್ಲಿ, ಎಳೆದೆಳೆದು, ಬಳುಕಿಕೊಂಡು ಬರುತ್ತಿತ್ತು. ಮೊದಮೊದಲು ಅವಳ ತುಟಿ ಅದರ ಜೊತೆ ಆಡಿತು. ಚಂದ್ರಪ್ಪ ಒಂದು ಸಾಲು ಮರೆತ, ಅತ್ತೆ ಕೋಲು ಹಿಡಿದೇ ಆ ಸಾಲನ್ನು ಗೋಡೆಗೆ ಹೇಳಿದಳು. ತೆಲುಗನ್ನೆಲ್ಲ ತೆಗೆದು ಹಾಕಿದ್ದರು. ಅದು ಗೊತ್ತಾದ ಮೇಲೆ ತುಟಿ ಆಡುವುದು ನಿಂತಿತು. ಕೊನೆಯಲ್ಲಿ ಓಲಗ, ಜಯಕಾರ, ಎಲ್ಲರೂ ಸೇರಿ ಒಂದು ಹಾಡು. ಆಮೇಲೆ ಊರಿಗೆ ಊರೇ ಚಪ್ಪಾಳೆ ತಟ್ಟಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು. ಅತ್ತೆ ಮುದ್ದೆಯನ್ನು ಹಲಗೆಯ ಮೇಲೆ ಸುರಿದು, ಕೈಗೆ ನೀರು ಮುಟ್ಟಿಸಿಕೊಂಡು, ನನ್ನ ಕಡೆ ತಿರುಗಿ, "ಒಳಗೆ ಕರ್ಕೊಂಡ್ರಂತೆ ಕಣೇ ವನಜಾ," ಅಂದಳು. "ಎಷ್ಟು ಸುಲಭವಾಗಿ ಕರ್ಕೊಂಡ್ಬಿಟ್ರು ನೋಡು."

ಅವರೆಲ್ಲ ಬಂದರು. ಚಂದ್ರಪ್ಪನ ಕಿವಿಯ ಹಿಂದೆ ಸಫೇದ ಇನ್ನೂ ಮೆತ್ತಿಕೊಂಡಿತ್ತು. ಸಾಲಾಗಿ ಕೂತರು. ಅತ್ತೆ ಬಡಿಸಿದಳು. ಹಿಸುಕಿದ ಬೇಳೆ ಸಾರು ಭರ್ಜರಿಯಾಗಿದೆ ಅಂತ ಎಲ್ಲರೂ ಹೇಳಿದರು. ನಾಟಕದ ಮಾತು ಯಾರೂ ಎತ್ತಲಿಲ್ಲ. ಬಾಷಾ ಮಾಮ ಊಟಕ್ಕೆ ಬರಲೇ ಇಲ್ಲ. ಅಪ್ಪನ ಕೊರಳಲ್ಲಿ ಹೂವಿನ ಹಾರ ಹಾಗೇ ಇತ್ತು. ಅದನ್ನು ಹಿಂದಕ್ಕೆ ಸರಿಸಿಕೊಂಡು, "ಇನ್ನರ್ಧ ಮುದ್ದೆ ಹಾಕು," ಅಂದ. ಅತ್ತೆ ಹಾಕಿದಳು. ಅವಳ ಮುಖದಲ್ಲಿ ಏನಿತ್ತು ಅಂತ ನಾನು ಹುಡುಕಿದೆ. ಪುಸ್ತಕ ಓದುವಾಗ ಅಷ್ಟೆಲ್ಲ ಆಡುತ್ತಿದ್ದ ಮುಖ, ಅವತ್ತು ಅಲ್ಲಿ ಓದುವುದಕ್ಕೆ ಏನೂ ಸಿಗಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಟ್ರಂಕು ತೆಗೆದುಕೊಂಡು ಹೊರಟಳು. ಜೊತೆಗೆ ಹೋದವಳು ಅಮ್ಮ. ಅಪ್ಪನ ಎದುರು ದನಿ ಎತ್ತಿ ಮಾತಾಡದ ನಮ್ಮಮ್ಮ, ಟ್ರಂಕಿನ ಒಂದು ಕಡೆ ತಾನು ಹಿಡಿದು, ಬಿಸಿಲೇರಿದ ಬೀದಿಯಲ್ಲಿ, ಅಂಗಡಿಯವರೆಲ್ಲ ನೋಡುತ್ತಿದ್ದಂತೆ, ನಾದಿನಿಯ ಪಕ್ಕದಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದಳು. ಅಪ್ಪ ಶಾಲೆಯಿಂದ ಬಂದು, "ಸುಗುಣ ಎಲ್ಲಿ?" ಅಂದಾಗ, "ಕೋಲಾರದ ಬಸ್ಸು ಹತ್ತಿಸಿ ಬಂದೆ," ಅಂದಳು. "ಯಾರನ್ನ ಕೇಳಿ?" ಅಂದ ಅಪ್ಪ. ಅಮ್ಮ ಅವನ ಮುಂದೆ ಕಾಫಿ ಇಟ್ಟು ಎದ್ದು ಹೋದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಯಿತು. ತಂಡ ಮತ್ತೆ ಒಂದೆರಡು ಸಲ ಸೇರಿತು, ಆಮೇಲೆ ಒಬ್ಬೊಬ್ಬರೇ ಬರುವುದು ಬಿಟ್ಟರು. ಮಾವಿನ ಕೋಣೆಯಲ್ಲಿ ಪರದೆಗೆ ಇಲಿ ಬಿತ್ತು. ಭಾನುವಾರಗಳು ಬಂದವು, ಹೋದವು. ಅಮ್ಮ ಮಧ್ಯಾಹ್ನ ಸುಮ್ಮನೆ ಮಲಗತೊಡಗಿದಳು.

ಅತ್ತೆಗೆ ಕೋಲಾರದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡಿಗೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆಮೇಲೆ ಅಲ್ಲೇ ವಾರ್ಡನ್ ಆದಳು. ನಾನು ಕಾಲೇಜಿಗೆ ಹೋದದ್ದು ಅಲ್ಲಿಂದಲೇ, ಅವಳ ಕೋಣೆಯಲ್ಲಿದ್ದುಕೊಂಡು. ಅಲ್ಲಿನ ಹುಡುಗಿಯರು ಪ್ರತಿವರ್ಷ ಏನಾದರೂ ನಾಟಕ ಮಾಡುತ್ತಿದ್ದರು, ಬಂದು, "ಮೇಡಂ, ಹೇಳ್ಕೊಡಿ," ಅನ್ನುತ್ತಿದ್ದರು. "ನಂಗೇನು ಗೊತ್ತಮ್ಮ," ಅಂತ ಇವಳು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಒಂದು ಸಲ ನಾನೇ, "ಅತ್ತೆ, ಗಂಗಕ್ಕನ ಮಾತು ಒಂದು ಸಲ ಹೇಳೇ, ನಂಗೊಬ್ಳಿಗೆ," ಅಂತ ಕೇಳಿದೆ. ಕಿಟಕಿಯ ಕಡೆ ನೋಡಿ, "ಮರೆತೋಗಿದೆ ಕಣೇ," ಅಂದಳು. ಸುಳ್ಳು. ಮರೆತವರು ಹಾಗೆ ಕಿಟಕಿ ನೋಡುವುದಿಲ್ಲ.

ಅಪ್ಪ ನಿವೃತ್ತನಾದ ಮೇಲೆ ಊರಿನವರು ಅವನನ್ನು ಸನ್ಮಾನಿಸಿದರು. ಶಾಲು, ಹಣ್ಣಿನ ಬುಟ್ಟಿ. "ಆ ಮಹಾನ್ ಕಾದಂಬರಿಯನ್ನು ರಂಗಕ್ಕೆ ತಂದು ತಾಲ್ಲೂಕು ತಾಲ್ಲೂಕಿಗೆ ಕೊಂಡೊಯ್ದವರು," ಅಂತ ಯಾರೋ ಹೊಗಳಿದರು. ಅಪ್ಪ ಮೈಕು ಹಿಡಿದು, "ಅದು ನನ್ನ ಕನಸಿನ ಕೂಸು," ಅಂದ. ನಾನು ಎರಡನೇ ಸಾಲಿನಲ್ಲಿದ್ದೆ. ಎದ್ದು ಹೊರಗೆ ಬಂದು, ಸಿಕ್ಕಿದ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ಅತ್ತೆಯ ಮುಂದೆ ಕೂತು ಅರಚಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಶಾಲು ಯಾವ ಬಣ್ಣದ್ದು?" ಅಂದಳು. ಇಬ್ಬರೂ ನಕ್ಕೆವು. ಆದರೆ ಅವಳು ನಕ್ಕಷ್ಟು ಹೊತ್ತು ನನಗೆ ನಗಲಾಗಲಿಲ್ಲ.

ಅವಳಿಗೆ ಕಾಯಿಲೆ ಬಂದಾಗ ಅಪ್ಪ ನೋಡಲು ಬಂದ. ಅಷ್ಟು ವರ್ಷದಲ್ಲಿ ಮೊದಲ ಸಲ. ಸಪೋಟದ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅತ್ತೆ, "ಬಾ ಅಣ್ಣಾ," ಅಂದಳು. ಬಹಳ ಹೊತ್ತು ಮಳೆ, ಟೊಮ್ಯಾಟೊ ಬೆಲೆ, ಅಮ್ಮನ ಮಂಡಿನೋವಿನ ಮಾತು. ಆಮೇಲೆ ಅಪ್ಪ ಇದ್ದಕ್ಕಿದ್ದಂತೆ, "ಅವತ್ತು ಊರಿನ ಬಾಯಿಗೆ ಹೆದರಿಬಿಟ್ಟೆ ಕಣೇ," ಅಂದ.

ಅತ್ತೆ ದಿಂಬಿನಿಂದ ಸ್ವಲ್ಪ ಮೇಲೆದ್ದಳು. "ಊರು ಏನೂ ಅಂದಿರಲಿಲ್ಲ. ಮಂಡಿಯವರ ಮನೆ ಹೆಂಗಸರೇ ಆಮೇಲೆ ಕೋಲಾರಕ್ಕೆ ಬಂದಾಗ ನಂಗೆ ಹೇಳಿದ್ರು. ನಿನ್ನ ಆಟ ನೋಡಬೇಕು ಅಂತ ಜಾಗ ಹಿಡಿದು ಕೂತಿದ್ವಿ, ನೀನ್ಯಾಕೆ ಬರಲಿಲ್ಲ ಅಂತ. ಯಾರೂ ಏನೂ ಅಂದಿರಲಿಲ್ಲ ಅಣ್ಣಾ. ಅಂದಿದ್ದು ನೀನು."

ಅಪ್ಪ ಚೀಲದ ದಾರ ಎಳೆಯುತ್ತಿದ್ದ.

"ಮುಳಬಾಗಿಲಲ್ಲಿ ಆ ಅಜ್ಜಿ ನನ್ನ ಕೈ ಹಿಡ್ಕೊಂಡಾಗ ನಿನ್ನ ಮುಖ ನೋಡ್ದೆ. ಅವತ್ತೇ ಗೊತ್ತಾಯ್ತು. ಒಂದು ಮಾತು ಹೇಳಿದ್ರೆ ಸಾಕಿತ್ತು. ಹಾರ ಪೂರ್ತಿ ನೀನೇ ಹಾಕ್ಕೊ ಅಂತಿದ್ದೆ. ನಂಗೆ ಹಾರ ಬೇಕಿರಲಿಲ್ಲ. ಆಡಬೇಕಿತ್ತು, ಅಷ್ಟೇ."

ಅಪ್ಪ ಅತ್ತ. ನನಗೆ ಮರುಕ ಬರಬೇಕಿತ್ತು, ಬರಲಿಲ್ಲ. ಅತ್ತೆಗೆ ಬಂತೋ ಏನೋ, ಕಣ್ಣು ಮುಚ್ಚಿಕೊಂಡು, "ವನಜಾ, ಅಪ್ಪನಿಗೆ ಕಾಫಿ ಮಾಡಮ್ಮ," ಅಂದಳು. ನಾನು ಮಾಡಿದೆ. ಅದಾಗಿ ಹೆಚ್ಚು ದಿನ ಅವಳು ಇರಲಿಲ್ಲ. ಮಣ್ಣಿಗೆ ಬಂದ ಯಾರೋ ಅಪ್ಪನ ಹೆಗಲು ತಟ್ಟಿ, "ತಂಗೀನ ಹೂವಿನ ಹಂಗೆ ನೋಡ್ಕೊಂಡ್ರಿ ಸಾರ್," ಅಂದರು. ಅಪ್ಪ ಇಲ್ಲ ಅನ್ನಲಿಲ್ಲ. ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು, ನಾನು ಏನಾದರೂ ಹೇಳಿಬಿಡುತ್ತೇನೆ ಅಂತಲೋ, ತನಗೇ ಹೇಳಬೇಕು ಅನಿಸಿತ್ತೋ.

ಆ ಮನೆ ಈಗಿಲ್ಲ. ಕೆಡವಿ ಅಂಗಡಿ ಸಾಲು ಕಟ್ಟಿದ್ದಾರೆ. ನಡುಮನೆ ಇದ್ದಲ್ಲಿ ಮೊಬೈಲ್ ಅಂಗಡಿ, ಮಾವಿನ ಕೋಣೆ ಇದ್ದಲ್ಲಿ ಮೆಟ್ಟಿಲು. ಬಾಷಾ ಮಾಮ ಹೋದ. ಚಂದ್ರಪ್ಪನೂ ಹೋದ. ಅಪ್ಪ ಅಮ್ಮ ನನ್ನ ಜೊತೆ ಇದ್ದಾರೆ. ಅಪ್ಪನಿಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತೇನೆ, ಪೇಪರು ಓದಿ ಹೇಳುತ್ತೇನೆ. ಯಾರಾದರೂ ಬಂದಾಗ ಅವನು ನಾಟಕದ ಸುದ್ದಿ ತೆಗೆದು, "ನಾವು ಮಾಡಿದ್ವಿ," ಅಂತ ಶುರು ಮಾಡುತ್ತಾನೆ. ನಾನು ಎಲ್ಲಿದ್ದರೂ ಬಂದು, "ಬರೆದಿದ್ದು ಸುಗುಣತ್ತೆ, ಆಡಿದ್ದು ಸುಗುಣತ್ತೆ," ಅನ್ನುತ್ತೇನೆ. ಬಂದವರಿಗೆ ಮುಜುಗರವಾಗುತ್ತದೆ. ಆಗಲಿ.

ಹಾರ ಹಾಕಿಕೊಂಡ ಅಪ್ಪನ ಫೋಟೋ ಗೋಡೆ ತುಂಬ ಇದೆ. ಅತ್ತೆ ವೇದಿಕೆಯ ಮೇಲಿರುವ ಫೋಟೋ ಒಂದೂ ಇಲ್ಲ, ತೆಗೆಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅವಳ ಮಾತುಗಳನ್ನು ಯಾರೂ ಟೇಪು ಮಾಡಿಕೊಳ್ಳಲಿಲ್ಲ, ಬಾಷಾ ಮಾಮನ ಅಂಗಡಿ ತುಂಬ ಟೇಪ್ ರೆಕಾರ್ಡರುಗಳಿದ್ದವು. ಮೊನ್ನೆ ಶಾಲೆಯಿಂದ ಬಂದ ಮೇಲೆ ಮಗಳು, "ಅವರು ಹೆಂಗೆ ಮಾತಾಡ್ತಿದ್ರು, ಮಾಡಿ ತೋರಿಸು," ಅಂತ ಹಿಡಿದುಕೊಂಡಳು. ಎದ್ದು ನಿಂತೆ. ಮಾತುಗಳೆಲ್ಲ ಬಂದವು, ಒಂದನ್ನೂ ಮರೆತಿಲ್ಲ. ಆದರೆ ಅವು ಬಂದದ್ದು ನನ್ನ ದನಿಯಲ್ಲಿ. ಕಣ್ಣು ಮುಚ್ಚಿ ಮತ್ತೆ ಪ್ರಯತ್ನಿಸಿದೆ. ಆಗಲೂ ನನ್ನದೇ. ಅವಳ ದನಿ ದಪ್ಪವಿತ್ತೋ ತೆಳುವಿತ್ತೋ, ಎಲ್ಲಿ ಒಡೆಯುತ್ತಿತ್ತು, ಎಲ್ಲಿ ಉಸಿರು ತೆಗೆದುಕೊಳ್ಳುತ್ತಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ. ಯಾವಾಗ ಕಳೆದುಹೋಯಿತೋ ಗೊತ್ತಿಲ್ಲ. ಮಗಳು ಚಪ್ಪಾಳೆ ತಟ್ಟಿದಳು. ನಾನು ಕೂತುಕೊಂಡೆ.